ಸ್ಫೋಟದಲ್ಲಿ ಸಣ್ಣ ಗಾಯ, ಕೈ ತೊಳೆದು ನೇರ ಮನೆಗೆ: ಇದರಿಂದ ಏನೇನು ಕೈತಪ್ಪುತ್ತದೆ?

ಹೊಳೆಸಾಲು (ಚರ್ಚೆ ಶುರು ಮಾಡಿದವರು)

ಮುಂಬೈ ಲೋಕಲ್ ರೈಲುಗಳು, 2006ರ ಜುಲೈ 11: ಹನ್ನೊಂದು ನಿಮಿಷದೊಳಗೆ 7 ಬಾಂಬ್. ಬೆಂಗಳೂರು, 2008ರ ಜುಲೈ 25: ಮಡಿವಾಳ, ನಾಯಂಡಹಳ್ಳಿ, ಆಡುಗೋಡಿ ಅಂತ ಒಂದರ ಹಿಂದೆ ಒಂದು. ಆಮೇಲೆ ಚಿನ್ನಸ್ವಾಮಿ ಸ್ಟೇಡಿಯಂ, ಮಲ್ಲೇಶ್ವರ, ಚರ್ಚ್ ಸ್ಟ್ರೀಟ್, ಮಂಗಳೂರಿನ ಆಟೋ, 2024ರ ಮಾರ್ಚ್ 1ರಂದು ಬ್ರೂಕ್‌ಫೀಲ್ಡಿನ ರಾಮೇಶ್ವರಂ ಕೆಫೆ. ಪ್ರತಿ ಸಲವೂ ಪೇಪರಿನಲ್ಲಿ "ಗಾಯಾಳುಗಳು ಇಷ್ಟು" ಅಂತ ಒಂದು ಸಂಖ್ಯೆ ಬರುತ್ತದೆ. ಅದು ಆಸ್ಪತ್ರೆಯ ರಿಜಿಸ್ಟರಿನಲ್ಲಿ ಹೆಸರು ಹತ್ತಿದವರ ಸಂಖ್ಯೆ. ಮೊಣಕೈಗೆ ಚುಚ್ಚಿದ ಗಾಜು ತೆಗೆದು, ಮುಖ ತೊಳೆದು, ಸಿಕ್ಕ ಬಸ್ಸು ಹತ್ತಿ ಮನೆಗೆ ಹೋದವರು ಆ ಲೆಕ್ಕದಲ್ಲಿ ಇರುವುದಿಲ್ಲ.

ಈ ಚರ್ಚೆ ಅವರ ಬಗ್ಗೆ. ಅವರ ದೇಹಕ್ಕೆ ಏನಾಗಬಹುದು, ಯಾವ ಕಾಗದ ಯಾವತ್ತು ಮಾಡಿಸಬೇಕು, ಪರಿಹಾರ ಎಲ್ಲಿಂದ ಬರುತ್ತದೆ. ಯಾರು ಮಾಡಿದ್ದು, ಯಾಕೆ ಮಾಡಿದ್ದು ಎಂಬ ವಾದಕ್ಕೆ ಬೇರೆ ಜಾಗ ಇದೆ. ನನಗೆ ಹೀಗಾಯ್ತು ಎಂಬ ಕಥೆಯೂ ಬೇಡ. ಗೊತ್ತಿರುವುದನ್ನು ಬೇರೆಯವರಿಗೆ ಉಪಯೋಗ ಆಗುವ ಹಾಗೆ ಬರೆಯಿರಿ.

ಗಾಯಪಟ್ಟಿ

ಮೊದಲು ಸ್ಥಳದಾಗಿನ ಮಾತು ಹೇಳಿಬಿಡ್ತೀನ್ರಿ. ರಕ್ತ ಚಿಮ್ಮತಿದ್ರ ಉಳದದ್ದೆಲ್ಲಾ ಆಮ್ಯಾಲೆ.

ಕೈಯಾಗ ಸಿಕ್ಕ ಸ್ವಚ್ಛ ಅರಿವಿ ಗಾಯದ ಮ್ಯಾಲಿಟ್ಟು, ಮೊಣಕೈ ನೆಟ್ಟಗ ಮಾಡಿ ಮೈಭಾರ ಬಿಟ್ಟು ಒತ್ತರಿ. ಹತ್ತು ನಿಮಿಷ ಎತ್ತಿ ನೋಡಬ್ಯಾಡ್ರಿ. ಬರೇ ಬೆರಳಲೆ ಒತ್ತಿ, ಎರಡು ನಿಮಿಷಕ್ಕೊಮ್ಮೆ "ನಿಂತತೇನು" ಅಂತ ಎತ್ತಿ ನೋಡೋದಕ್ಕ ರಕ್ತ ನಿಲ್ಲೂದಿಲ್ಲ. ಅರಿವಿ ತೊಯ್ದ್ರ ಅದರ ಮ್ಯಾಲ ಇನ್ನೊಂದು ಇಡ್ರಿ. ತೊಡಿಸಂದಿ, ಕಂಕುಳ ಇಂಥಲ್ಲಿ ಪಟ್ಟಿ ಬಿಗಿಯಾಕ ಬರೂದಿಲ್ಲ. ಅಲ್ಲಿ ಅರಿವಿಯನ್ನ ಗಾಯದ ಒಳಗ ತುಂಬಿ ಒತ್ತಬೇಕು.

ಕೈಕಾಲಿನ ಗಾಯ ಒತ್ತಿದ್ರೂ ನಿಲ್ಲದಿದ್ರ ಬಿಗಿಪಟ್ಟಿ. ಗಾಯಕ್ಕಿಂತ 5ರಿಂದ 7 ಸೆಂ.ಮೀ. ಮ್ಯಾಲ, ಎದಿ ಕಡೆಗೆ. ಮೊಣಕಾಲು, ಮೊಣಕೈ ಗಂಟಿನ ಮ್ಯಾಲ ಕಟ್ಟಬ್ಯಾಡ್ರಿ. ಪಟ್ಟಿ ಕನಿಷ್ಠ 4 ಸೆಂ.ಮೀ. ಅಗಲ ಇರಲಿ: ವೇಲು, ಟವೆಲ್ಲು, ಪಂಜೆ ಹರದದ್ದು. ತೆಳ್ಳನ ದಾರ, ಚಾರ್ಜರ್ ವೈರ್ ಚರ್ಮ ಕೊಯ್ತಾವ, ರಕ್ತ ನಿಲ್ಲಸೂದಿಲ್ಲ. ಪ್ಯಾಂಟಿನ ಬೆಲ್ಟೂ ಅಷ್ಟಕ್ಕಷ್ಟ: ದಪ್ಪ ಚರ್ಮ ತಿರುವಾಕ ಬಗ್ಗೂದಿಲ್ಲ, ಬಿಗಿಯಾಗಿ ಕೂಡೂದಿಲ್ಲ. ಅರಿವಿಗೆ ಅರ್ಧ ಗಂಟು ಹಾಕಿ, ಅದರ ಮ್ಯಾಲ ಗಟ್ಟಿ ಚಮಚ ಇಲ್ಲಾ ಕೋಲು ಇಟ್ಟು ಪೂರ್ತಿ ಗಂಟು ಹಾಕಿ, ರಕ್ತ ನಿಲ್ಲೂತನಕ ತಿರುವಿ, ಕೋಲು ಬಿಚ್ಚಿಕೊಳ್ಳದಂಗ ಕಟ್ಟರಿ. ಕಟ್ಟಿದ ಟೈಮು ಪೆನ್ನಿಲೆ ಹಣಿ ಮ್ಯಾಲ ಬರೀರಿ. ಸಾಯೂವಷ್ಟು ನೋವು ಅಂತಾರ. ಬಿಚ್ಚಬ್ಯಾಡ್ರಿ.

ಚುಚ್ಚಿ ನಿಂತ ಮೊಳಿ, ಕಬ್ಬಿಣ, ದೊಡ್ಡ ಗಾಜು ಕೀಳಬ್ಯಾಡ್ರಿ. ಅದೇ ಬಿರಡಿ ಆಗಿ ರಕ್ತ ತಡದಿರತೈತಿ. ಅದರ ಎರಡೂ ಬದಿ ಅರಿವಿ ಸುರುಳಿ ಇಟ್ಟು ಅಲ್ಲಾಡದಂಗ ಕಟ್ಟಿ ಕಳಸ್ರಿ. ಗಾಯಕ್ಕ ಅರಿಶಿಣ, ಕಾಫಿಪುಡಿ. ಸುಟ್ಟದ್ದಕ್ಕ ಟೂತ್‌ಪೇಸ್ಟ್, ಇಂಕು: ಯಾವುದೂ ಬ್ಯಾಡ. ಅದನ್ನ ತೊಳದು ತಗಿಯೂದ ಆಸ್ಪತ್ರ್ಯಾಗ ಇನ್ನೊಂದು ಕೆಲಸ. ಸುಟ್ಟ ಜಾಗದ ಮ್ಯಾಲ ನಲ್ಲಿ ನೀರು 20 ನಿಮಿಷ.

ಡೊಂಬಿವಲಿ_ಲೋಕಲ್

ಬಿಗಿಪಟ್ಟಿಯನ್ನು 15 ನಿಮಿಷಕ್ಕೊಮ್ಮೆ ಸಡಿಲ ಮಾಡಬೇಕು ಅಂತ ಪ್ರಥಮ ಚಿಕಿತ್ಸೆ ಕ್ಲಾಸಿನಲ್ಲಿ ಹೇಳಿಕೊಡುತ್ತಿದ್ದರಲ್ಲ?

ಗಾಯಪಟ್ಟಿ

ಹಳೇ ಪಾಠ ರೀ ಅದು. ಸಡಿಲ ಮಾಡಿದಾಗೆಲ್ಲಾ ಕಟ್ಟಿಕೊಂಡ ಹೆಪ್ಪು ಕಿತ್ತು ಮತ್ತ ರಕ್ತ ಹೋಕ್ಕತಿ. ಊರೊಳಗ ಒಂದು ತಾಸಿನ್ಯಾಗ ಆಸ್ಪತ್ರಿ ಸಿಗತೈತಿ, ಅಷ್ಟರಾಗ ಕಾಲು ಸಾಯೂದಿಲ್ಲ. ಬಿಚ್ಚೂದು ಡಾಕ್ಟರ ಕೆಲಸ.

ಇನ್ನ ಹೊಳೆಸಾಲು ಅವರು ಕೇಳಿದ್ದು, ನಡಕೋತ ಮನಿಗೆ ಹೋಗೂವರ ವಿಷಯ. ಸ್ಫೋಟದ ಗಾಳಿ ಅಲೆ ಹೊಡಿಯೂದು ಗಾಳಿ ತುಂಬಿದ ಅಂಗಗಳಿಗೆ: ಕಿವಿ, ಪುಪ್ಪುಸ, ಕರಳು. ಹೊರಗ ಒಂದು ಗೆರಿ ಗಾಯ ಇರೂದಿಲ್ಲ. ರೈಲ್ ಡಬ್ಬಿ, ಬಸ್ಸು, ಸಣ್ಣ ಹೋಟೆಲ್ಲು ಇಂಥ ಮುಚ್ಚಿದ ಜಾಗದಾಗ ಅಲೆ ಗೋಡಿಗೆ ಬಡದು ತಿರುಗಿ ಬರತೈತಿ, ಅದಕ್ಕ ಪೆಟ್ಟು ಹೆಚ್ಚು. ಮೊದಲ ಎರಡು ದಿನ ಇವನ್ನ ನೋಡಕೋಬೇಕು: ಏದುಸಿರು, ಒಣಕೆಮ್ಮು, ಕಫದಾಗ ರಕ್ತ, ಎದಿನೋವು, ಹೊಟ್ಟಿನೋವು, ವಾಂತಿ, ಮಲದಾಗ ರಕ್ತ. ಒಂದು ಕಂಡ್ರೂ ರಾತ್ರಿ ಅನ್ನದ ಹೋಗ್ರಿ.

ಕಿವಿಮಾತು

ಒಂದು ತಪ್ಪು ನಂಬಿಕೆ ಇಲ್ಲೇ ಸರಿಪಡಿಸುತ್ತೇನೆ. "ಕಿವಿ ತಮಟೆ ಹರಿದಿಲ್ಲ, ಹಾಗಾದರೆ ಶ್ವಾಸಕೋಶಕ್ಕೂ ಏನೂ ಆಗಿಲ್ಲ" ಅಂತ ಮೊದಲು ಎಣಿಸುತ್ತಿದ್ದರು. ಹಾಗಿಲ್ಲ. ಸ್ಫೋಟದ ಕಡೆಗೆ ತಲೆ ಯಾವ ಕೋನದಲ್ಲಿತ್ತು, ಕಿವಿಯಲ್ಲಿ ಗುಗ್ಗೆ ಇತ್ತೋ ಇಲ್ಲವೋ, ಇಂಥವೆಲ್ಲ ಸೇರಿ ತಮಟೆಯ ಹಣೆಬರಹ ತೀರ್ಮಾನ ಆಗುತ್ತದೆ. ತಮಟೆ ಚೆನ್ನಾಗಿದೆ ಅಂತ ಉಸಿರಾಟದ ತೊಂದರೆಯನ್ನು ಬದಿಗಿಡಬೇಡಿ.

ಕಿವಿಯ ಕೆಲಸ ಹೀಗೆ. ಗುಂಯ್ ಅನ್ನುವುದು, ಮಾತು ದಿಂಬಿನ ಒಳಗಿಂದ ಬಂದ ಹಾಗೆ ಕೇಳುವುದು ಕೆಲವರಿಗೆ ಎರಡು ಮೂರು ದಿನದಲ್ಲಿ ಹೋಗುತ್ತದೆ. ಆದರೆ ಅದೇ ಭರವಸೆಯಲ್ಲಿ ಕಾಯಬಾರದು. ಒಳಕಿವಿಗೆ ಪೆಟ್ಟಾಗಿದ್ದರೆ ಸ್ಟೀರಾಯ್ಡ್ ಕೊಡಬೇಕೇ ಅಂತ ವೈದ್ಯರು ಮೊದಲ ಎರಡು ವಾರದೊಳಗೇ ನಿರ್ಧರಿಸಬೇಕು, ಬೇಗ ಆದಷ್ಟೂ ಒಳ್ಳೆಯದು. ತಿಂಗಳಾದ ಮೇಲೆ ಬಂದವರಿಗೆ ಹಿಯರಿಂಗ್ ಏಡ್ ಬಿಟ್ಟು ಹೇಳುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ. ಮೊದಲ ವಾರದಲ್ಲೇ ಆಡಿಯೋಗ್ರಾಂ (ಕಿವಿ ಎಷ್ಟು ಕೇಳುತ್ತದೆ ಎಂದು ಅಳೆಯುವ ಪರೀಕ್ಷೆ) ಮಾಡಿಸಿ. ಆ ಗ್ರಾಫ್ ಆಮೇಲೆ ಕಾಗದದ ಕೆಲಸಕ್ಕೂ ಬೇಕಾಗುತ್ತದೆ, ಅದನ್ನು ಬೇರೆಯವರು ಹೇಳಲಿ.

ತಮಟೆ ಹರಿದಿದ್ದರೆ ಸಣ್ಣ ತೂತುಗಳು ಬಹುಪಾಲು ತಾವಾಗಿಯೇ ಎರಡು ಮೂರು ತಿಂಗಳಲ್ಲಿ ಮುಚ್ಚಿಕೊಳ್ಳುತ್ತವೆ, ಒಳಗೆ ಏನೂ ಹೋಗದಿದ್ದರೆ. ನಮ್ಮ ಮನೆಗಳಲ್ಲಿ ಮಾಡುವ ಮೊದಲ ಕೆಲಸವೇ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುವುದು. ದಯವಿಟ್ಟು ಬೇಡ. ಎಣ್ಣೆ, ನೀರು, ಅಂಗಡಿಯಿಂದ ತಂದ ಡ್ರಾಪ್ಸ್, ಹೇರ್‌ಪಿನ್ನು ಯಾವುದೂ ಬೇಡ. ಸ್ನಾನಕ್ಕೆ ಮುಂಚೆ ಹತ್ತಿಗೆ ವ್ಯಾಸಲಿನ್ ಸವರಿ ಕಿವಿಯ ಬಾಯಿಗೆ ಇಡಿ. ಜೋರಾಗಿ ಮೂಗು ಸೀನಬೇಡಿ.

ಕಡಲತಡಿ

ಯಾವ ಆಸ್ಪತ್ರೆಗೆ ಹೋಗುವುದು ಅಂತ ಯಾರಾದರೂ ಹೇಳಿ ಮಾರಾಯ್ರೆ. ಎಲ್ಲರೂ ಹತ್ತಿರದ್ದಕ್ಕೇ ನುಗ್ಗುವುದು ಅಲ್ವಾ?

ಗಾಯಪಟ್ಟಿ

ಹೌದ್ರಿ, ಅದ ತೊಂದರಿ. ಆಂಬ್ಯುಲೆನ್ಸ್ ಬರೂದ್ರೊಳಗ ಆಟೋ, ಬೈಕ್ ಮ್ಯಾಲ ಮೊದಲು ಮುಟ್ಟೂವರು ಸಣ್ಣ ಗಾಯದವರು. ಹತ್ತಿರದ ಆಸ್ಪತ್ರಿ ಹಾಸಿಗಿ ಅವರಿಂದ ತುಂಬತಾವ. ಖರೇ ಗಂಭೀರ ಇದ್ದವರು ಅರ್ಧ ತಾಸು ಬಿಟ್ಟು ಬರತಾರ, ಅವರಿಗೆ ಜಾಗ ಇಲ್ಲ. ನಡೀಲಿಕ್ಕೆ ಬರತಿದ್ರ, ಉಸಿರು ಸರಿ ಇದ್ರ, ಎರಡನೇದೋ ಮೂರನೇದೋ ಆಸ್ಪತ್ರಿಗೆ ಹೋಗ್ರಿ. ಆದ್ರ ಹೋಗೂದು ಮಾತ್ರ ತಪ್ಪಸಬ್ಯಾಡ್ರಿ.

ಅಲ್ಲಿ ಮೂರು ಕೇಳ್ರಿ. ಟಿ.ಟಿ. ಇಂಜೆಕ್ಷನ್. ಹೆಪಟೈಟಿಸ್-ಬಿ ಲಸಿಕಿ: ಇನ್ನೊಬ್ಬರ ರಕ್ತ, ಎಲುಬಿನ ಚೂರು ನಿಮ್ಮ ಗಾಯದಾಗ ಹೊಕ್ಕಿರಬಹುದು, ಲಂಡನ್ನಿನ 2005ರ ಸ್ಫೋಟದ ನಂತರ ಅಲ್ಲಿನ ಗಾಯಾಳುಗಳಿಗೆ ಈ ಸಲಹೆ ಕೊಟ್ಟಿದ್ರು. ಮೂರನೇದು ಎಕ್ಸ್‌ರೇ: ತೂತು ಸಾಸಿವಿಯಷ್ಟು ಇದ್ರೂ ಒಳಗ ಲೋಹದ ಗುಂಡು ಇರಬಹುದು. ಎಮ್.ಆರ್.ಐ. ಮಾಡಸೂ ಮುಂದ ಅದನ್ನ ಹೇಳಾಕ ಬೇಕು. ಜೀವನಪೂರ್ತಿ.

ಮಹಜರು

ಕಾಗದದ ವಿಷಯಕ್ಕೆ ಬರುತ್ತೇನೆ. ಇದರ ಬೇರು ಒಂದೇ: ಎಂ.ಎಲ್.ಸಿ., ಅಂದರೆ ಪೊಲೀಸರಿಗೆ ತಿಳಿಸಬೇಕಾದ ಗಾಯ ಎಂದು ಆಸ್ಪತ್ರೆ ಮಾಡುವ ಮೆಡಿಕೋ-ಲೀಗಲ್ ದಾಖಲೆ. ಮೊದಲ ದಿನ ಆಸ್ಪತ್ರೆಯಲ್ಲಿ ಎಂ.ಎಲ್.ಸಿ. ಆಗದಿದ್ದರೆ ಆಮೇಲೆ ಗಾಯದ ಪ್ರಮಾಣ ಪತ್ರ ಸಿಗುವುದು ಕಷ್ಟ. ಅದು ಇಲ್ಲದಿದ್ದರೆ ಚಾರ್ಜ್‌ಶೀಟಿನ ಗಾಯಾಳುಗಳ ಪಟ್ಟಿಯಲ್ಲಿ ಹೆಸರು ಬರುವುದು ಕಷ್ಟ. ಆ ಪಟ್ಟಿಯಲ್ಲಿ ಇಲ್ಲದವರಿಗೆ ಪರಿಹಾರದ ಅರ್ಜಿಗೆ ಆಧಾರ ತೋರಿಸುವುದೂ ಕಷ್ಟ.

ಡ್ಯೂಟಿ ಡಾಕ್ಟರ್ "ಹೇಗಾಯ್ತು" ಅಂತ ಕೇಳಿದಾಗ "ಬಿದ್ದೆ", "ಗಾಜು ತಾಗಿತು" ಅನ್ನಬೇಡಿ. ಸ್ಥಳ, ಸಮಯ, ಸ್ಫೋಟದಿಂದ ಸುಮಾರು ಎಷ್ಟು ದೂರ, ನಿಂತಿದ್ದಿರೋ ಕೂತಿದ್ದಿರೋ ಎಲ್ಲವನ್ನೂ ಬರೆಸಿ. ರಾಮೇಶ್ವರಂ ಕೆಫೆಯಲ್ಲಿ ಮೊದಲು ಸಿಲಿಂಡರ್ ಎಂದೇ ಜನ ತಿಳಿದಿದ್ದರು. 2022ರ ನವೆಂಬರ್ 19ರಂದು ಮಂಗಳೂರಿನ ಆಟೋದಲ್ಲಿ ಹೊತ್ತಿದ್ದು ಕುಕ್ಕರ್ ಬಾಂಬ್, ಭಯೋತ್ಪಾದನೆಯ ಕೃತ್ಯ ಎಂದು ಪೊಲೀಸ್ ಮಹಾನಿರ್ದೇಶಕರು ಹೇಳಿದ್ದು ಮರುದಿನ. ಹಾಗಾಗಿ ಕಾರಣ ನೀವು ತೀರ್ಮಾನಿಸಬೇಡಿ, "ಸ್ಫೋಟ" ಎಂಬ ಪದ ಇದ್ದರೆ ಸಾಕು.

"ಪೊಲೀಸ್ ಕೇಸು, ಮೊದಲು ಠಾಣೆಯಿಂದ ಪತ್ರ ತನ್ನಿ" ಅಂತ ಯಾವ ಆಸ್ಪತ್ರೆಯೂ ತುರ್ತು ಚಿಕಿತ್ಸೆ ನಿಲ್ಲಿಸುವಂತಿಲ್ಲ. 1989ರ ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿದೆ. ಸರ್ಕಾರಿ, ಖಾಸಗಿ ಎರಡಕ್ಕೂ ಅನ್ವಯ.

ಆ ದಿನದ ಬಟ್ಟೆ ಒಗೆಯಬೇಡಿ. ಒದ್ದೆಯಿದ್ದರೆ ನೆರಳಲ್ಲಿ ಒಣಗಿಸಿ ಕಾಗದದ ಚೀಲದಲ್ಲಿಡಿ. ಪ್ಲಾಸ್ಟಿಕ್ಕಿನಲ್ಲಿ ಬೂಸಲು ಹಿಡಿಯುತ್ತದೆ. ತನಿಖೆಯವರು ಕೇಳಿದರೆ ಕೊಟ್ಟು ರಸೀದಿ ತೆಗೆದುಕೊಳ್ಳಿ.

ಕಡಲತಡಿ

ಎಫ್.ಐ.ಆರ್. ಪೊಲೀಸ್ ವೆಬ್‌ಸೈಟಿನಲ್ಲಿ ಸಿಗುತ್ತದಲ್ಲ?

ಮಹಜರು

ಈ ಬಗೆಯ ಕೇಸಿನಲ್ಲಿ ಸಿಗುವುದಿಲ್ಲ. ಎಫ್.ಐ.ಆರ್.ಗಳನ್ನು ಅಂತರ್ಜಾಲದಲ್ಲಿ ಹಾಕಬೇಕು ಎಂದ 2016ರ ಸುಪ್ರೀಂ ಕೋರ್ಟ್ ಆದೇಶದಲ್ಲೇ ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣಗಳಿಗೆ ವಿನಾಯಿತಿ ಇದೆ. ಠಾಣೆಗೆ ಹೋಗಿ ಅಪರಾಧ ಸಂಖ್ಯೆ ಬರೆದುಕೊಳ್ಳಿ. ಕೇಸು ಎನ್.ಐ.ಎ.ಗೆ (ರಾಷ್ಟ್ರೀಯ ತನಿಖಾ ದಳ) ಹೋದರೆ ಅವರು ಮತ್ತೆ ದಾಖಲಿಸಿಕೊಂಡು ಆರ್.ಸಿ. ಅಂತ ಶುರುವಾಗುವ ಬೇರೆ ಸಂಖ್ಯೆ ಕೊಡುತ್ತಾರೆ. ಎರಡನ್ನೂ ಇಟ್ಟುಕೊಳ್ಳಿ. ಅರ್ಜಿಯಲ್ಲಿ ಒಂದು ಸಂಖ್ಯೆ, ಆಸ್ಪತ್ರೆ ಕಾಗದದಲ್ಲಿ ಇನ್ನೊಂದು ಇದ್ದರೆ ಗುಮಾಸ್ತರು ಕಡತವನ್ನು ಪಕ್ಕಕ್ಕಿಡುತ್ತಾರೆ, ಅವರ ದೃಷ್ಟಿಯಲ್ಲಿ ಅದು ಬೇರೆ ಕೇಸು.

ಫೋನು, ಬೈಕು ವಶಪಡಿಸಿಕೊಂಡಿದ್ದರೆ ಮಹಜರಿನಲ್ಲಿ ನಂಬರು ಸರಿಯಾಗಿ ಬರೆದಿದ್ದಾರಾ ನೋಡಿ. ಬಿಡಿಸಿಕೊಳ್ಳಲು ಕೋರ್ಟಿಗೆ ಅರ್ಜಿ ಹಾಕಬೇಕು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 451, 457ನೇ ಕಲಂ ಅನ್ನುತ್ತಿದ್ದರು, ಈಗ ನಾಗರಿಕ ಸುರಕ್ಷಾ ಸಂಹಿತೆಯ 497, 503. ಠಾಣೆಯಲ್ಲಿ ಬೇಡಿಕೊಂಡು ಪ್ರಯೋಜನ ಇಲ್ಲ, ಅವರ ಕೈಯಲ್ಲೂ ಇರುವುದಿಲ್ಲ. ವಿಡಿಯೋ ತೆಗೆದಿದ್ದರೆ ಮೂಲ ಫೈಲನ್ನೇ ಉಳಿಸಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಪ್ರತಿ ಕುಗ್ಗಿಹೋಗಿರುತ್ತದೆ, ಯಾವಾಗ ಎಲ್ಲಿ ತೆಗೆದದ್ದು ಎಂಬ ಮಾಹಿತಿ ಅದರಲ್ಲಿ ಉಳಿಯುವುದಿಲ್ಲ.

ಡೊಂಬಿವಲಿ_ಲೋಕಲ್

ವಿಡಿಯೋ ಮಾತು ಬಂತಲ್ಲ, ಅದಕ್ಕೆ ಸೇರಿಸುತ್ತೇನೆ. 26/11ರಲ್ಲಿ (2008ರ ಮುಂಬೈ ದಾಳಿ) ತಾಜ್ ಹೋಟೆಲಿನ ಒಳಗಿದ್ದ ದಾಳಿಕೋರರಿಗೆ ಗಡಿಯಾಚೆಯಿಂದ ಫೋನಿನಲ್ಲಿ ನಿರ್ದೇಶನ ಕೊಡುತ್ತಿದ್ದವರು ನಮ್ಮ ಟಿ.ವಿ. ನೋಡಿಕೊಂಡೇ ಮಾತಾಡುತ್ತಿದ್ದರು. ಸುಪ್ರೀಂ ಕೋರ್ಟ್ 2012ರ ತೀರ್ಪಿನಲ್ಲಿ ನೇರಪ್ರಸಾರವನ್ನು ಕಟುವಾಗಿ ಟೀಕಿಸಿತು, 2015ರಲ್ಲಿ ಕೇಬಲ್ ಟಿ.ವಿ. ನಿಯಮಕ್ಕೇ ತಿದ್ದುಪಡಿ ಬಂತು. ಚಾನೆಲ್‌ಗೆ ನಿಯಮ ಇದೆ, ನಮ್ಮ ಬಾಲ್ಕನಿಗೆ ಇಲ್ಲ. ಕಾರ್ಯಾಚರಣೆ ನಡೆಯುತ್ತಿರುವಾಗ ಪೊಲೀಸರು ಯಾವ ಮೆಟ್ಟಿಲಲ್ಲಿದ್ದಾರೆ, ಯಾರು ಯಾವ ಮಹಡಿಯಲ್ಲಿ ಅಡಗಿದ್ದಾರೆ ಅನ್ನುವುದನ್ನು ಹಾಕಬೇಡಿ. ಒಳಗೆ ಸಿಕ್ಕಿಬಿದ್ದವರಿಗೆ ಕರೆ ಮಾಡಬೇಡಿ, ಮೆಸೇಜು ಮಾಡಿ. ಒಳಗಿರುವವರು ವೈಬ್ರೇಷನ್ನೂ ಆಫ್ ಮಾಡಬೇಕು, ಮೇಜಿನ ಮೇಲೆ ಅದು ಗಂಟೆಯಷ್ಟೇ ಜೋರು.

ಇನ್ನೊಂದು, ಬ್ಯಾಗು. ಅದೇ 26/11ರಲ್ಲಿ ಮುಂಬೈನ ಸಿ.ಎಸ್.ಟಿ. ರೈಲು ನಿಲ್ದಾಣದ ಮೇಲೆ ದಾಳಿಯಾದ ಸುಮಾರು ಒಂದು ವಾರದ ಮೇಲೆ, 2008ರ ಡಿಸೆಂಬರ್ 3ರಂದು, ವಾರಸುದಾರರಿಲ್ಲದ ಸಾಮಾನಿನ ರಾಶಿಯಲ್ಲಿ ಸಿಡಿಯದ ಬಾಂಬ್ ಸಿಕ್ಕಿತು. ಬೆಂಗಳೂರಲ್ಲೂ ಅದೇ ವರ್ಷ ಸರಣಿ ಸ್ಫೋಟದ ಮರುದಿನ ಕೋರಮಂಗಲದ ಫೋರಂ ಮಾಲ್ ಹತ್ತಿರ ಒಂದು ಸಿಕ್ಕಿತ್ತು. ಬಿಟ್ಟು ಓಡಿದ ಚೀಲಕ್ಕೆ ವಾಪಸ್ ಹೋಗಬೇಡಿ. "ಪಾಪ, ಯಾರದೋ" ಅಂತ ಬೇರೆಯವರ ಚೀಲವನ್ನೂ ಎತ್ತಿ ಒಟ್ಟುಗೂಡಿಸಬೇಡಿ. ದೂರ ಹೋಗುವಾಗ ಗಾಜಿನ ಕಟ್ಟಡದ ಬುಡದಲ್ಲಿ ಗುಂಪು ಸೇರಬೇಡಿ, ಎರಡನೆಯದು ಸಿಡಿದರೆ ಮೇಲಿನ ಗಾಜು ಸುರಿಯುವುದು ಅಲ್ಲೇ.

ರೈಲಾದರೆ ಎದುರು ಬಾಗಿಲಿಂದ ಪಕ್ಕದ ಹಳಿಗೆ ಧುಮುಕುವುದೇ ದೊಡ್ಡ ಅಪಾಯ. ಪಕ್ಕದ ಹಳಿಯ ಗಾಡಿ ತಕ್ಷಣ ನಿಂತಿರುವುದಿಲ್ಲ. ತಂತಿ ತುಂಡಾಗಿ ನೇತಾಡುತ್ತಿದ್ದರೆ ಅದು 25,000 ವೋಲ್ಟ್. 2006ರಲ್ಲಿ ಹಳಿಪಕ್ಕದ ಜೋಪಡಿಯವರು ಬೆಡ್‌ಶೀಟಿನಲ್ಲಿ ಗಾಯಾಳುಗಳನ್ನು ಹೊತ್ತಿದ್ದರು. ಅದು ಇವತ್ತಿಗೂ ಒಳ್ಳೆಯ ಉಪಾಯ: ಅಂಚನ್ನು ಒಳಕ್ಕೆ ಸುತ್ತಿ ಹಿಡಿದುಕೊಳ್ಳಿ, ಆರು ಜನ, ಬದಿಗೆ ಮೂವರು. ನಾಲ್ಕು ಮೂಲೆ ಮಾತ್ರ ಹಿಡಿದರೆ ನಡು ಕುಸಿದು ಬೆನ್ನು ಬಾಗುತ್ತದೆ.

ಹೊಳೆಸಾಲು

ರಕ್ತದಾನದ ಸಾಲಿನ ಬಗ್ಗೆಯೂ ಒಂದು ಮಾತು ಬೇಕು. ಗಂಟೆಯೊಳಗೆ "ಎಲ್ಲಾ ಗುಂಪಿನ ರಕ್ತ ಬೇಕು" ಅಂತ ಫಾರ್ವರ್ಡ್ ಶುರುವಾಗುತ್ತದೆ.

ಗಾಯಪಟ್ಟಿ

ಇವತ್ತು ಕೊಟ್ಟ ರಕ್ತ ಇವತ್ತಿನ ಗಾಯಾಳುಗೆ ಹೋಗೂದು ಅಪರೂಪ ರೀ. ಎಚ್.ಐ.ವಿ., ಹೆಪಟೈಟಿಸ್ ಎಲ್ಲಾ ಪರೀಕ್ಷಿ ಆಗಬೇಕು, ತಾಸುಗಟ್ಟಲೆ ಹಿಡಿತೈತಿ. ಆ ಹೊತ್ತಿಗೆ ಜೀವ ಉಳಸೂದು ಹೋದ ವಾರ ಯಾರೋ ಸುಮ್ಮನ ಕೊಟ್ಟು ಹೋದ ರಕ್ತ. ಸಾವಿರ ಮಂದಿ ಒಂದ ದಿನ ಕೊಟ್ರ 35 ದಿನಕ್ಕ ಅವಧಿ ಮುಗದು ಚೆಲ್ಲಬೇಕಾಗತೈತಿ, ಪ್ಲೇಟ್‌ಲೆಟ್ ಅಂತೂ ಐದ ದಿನ. ಮ್ಯಾಲ, ಕೊಟ್ಟವರು ಗಂಡಸರಾದ್ರ ಮೂರು ತಿಂಗಳು, ಹೆಂಗಸರಾದ್ರ ನಾಲ್ಕು ತಿಂಗಳು ಮತ್ತ ಕೊಡಾಕ ಬರೂದಿಲ್ಲ. ಹೆಸರು, ಗುಂಪು ಬರಸಿ ಬರ್ರಿ, ಕರದಾಗ ಹೋಗ್ರಿ.

ಪಾಲಿಸಿ_ಪುಟ್ಟಣ್ಣ

ವಿಮೆ ಬಗ್ಗೆ ಚಿಕ್ಕದಾಗಿ. ಗಾಡಿಗೆ ಥರ್ಡ್ ಪಾರ್ಟಿ ಮಾತ್ರ ಇದ್ದರೆ ಏನೂ ಬರಲ್ಲ. ಓನ್ ಡ್ಯಾಮೇಜ್ (ನಿಮ್ಮ ಗಾಡಿಯ ಹಾನಿಗೇ ಕೊಡುವ ವಿಮೆ) ಇದ್ದರೆ ಭಯೋತ್ಪಾದಕ ಕೃತ್ಯದ ಹಾನಿ ಅದರಲ್ಲೇ ಸೇರಿರುತ್ತೆ. ಮನೆಗೆ "ಭಾರತ್ ಗೃಹ ರಕ್ಷಾ" ಪಾಲಿಸಿ (2021ರ ಏಪ್ರಿಲ್‌ನಿಂದ ಬಂದದ್ದು) ಇದ್ದರೆ ಇದೂ ಒಳಗೇ ಇದೆ. ಅಂಗಡಿ, ಹೋಟೆಲ್ ಇಟ್ಟವರು ಮಾತ್ರ ಪಾಲಿಸಿಯ ಶೆಡ್ಯೂಲ್ ತೆಗೆದು ಭಯೋತ್ಪಾದನೆಯ ಹಾನಿ ಸೇರಿದೆ ಅನ್ನೋ ಸಾಲು ಇದೆಯಾ ನೋಡಿ. ಅದಿಲ್ಲದಿದ್ದರೆ ಕಿಟಕಿ ಗಾಜಿನಿಂದ ಹಿಡಿದು ಗ್ರೈಂಡರ್‌ವರೆಗೆ ಎಲ್ಲಾ ನಿಮ್ಮದೇ ಖರ್ಚು. ಗುಡಿಸೋ ಮುಂಚೆ ಫೋಟೊ ತೆಗೀರಿ. ಪೊಲೀಸರು ಟೇಪ್ ಹಾಕಿ ಒಳಗೆ ಬಿಡದಿದ್ದರೂ ಕಂಪನಿಗೆ ಮೇಲ್ ಅಂದೇ ಹೋಗಲಿ, ಸರ್ವೇಯರ್ ಆಮೇಲೆ ಬರಲಿ.

ಮಹಜರು

ಸರ್ಕಾರಿ ಪರಿಹಾರ ಮೂರು ಬೇರೆ ಬೇರೆ ಬಾಗಿಲು. ಮೂರನ್ನೂ ಒಂದೇ ಅಂತ ತಿಳಿದು ಒಂದು ಕಡೆ ಅರ್ಜಿ ಕೊಟ್ಟು ಸುಮ್ಮನಾಗುವುದು ಮಾಮೂಲಿ ತಪ್ಪು.

ಘಟನೆಯ ದಿನ ಮುಖ್ಯಮಂತ್ರಿಗಳೋ ಕೇಂದ್ರವೋ ಘೋಷಿಸುವುದು ಒಂದು. ಅದರ ಮೊತ್ತಕ್ಕೆ ನಿಯಮ ಇಲ್ಲ, ಪಟ್ಟಿಯಲ್ಲಿದ್ದವರಿಗೆ ಬರುತ್ತದೆ.

ಎರಡನೆಯದು ಭಯೋತ್ಪಾದನೆಗೆ ಸಿಕ್ಕ ನಾಗರಿಕರಿಗೆಂದು 2008ರಿಂದ ಇರುವ ಕೇಂದ್ರ ಗೃಹ ಸಚಿವಾಲಯದ ಯೋಜನೆ. ಆಗ 3 ಲಕ್ಷ ಇತ್ತು, 2016ರ ಆಗಸ್ಟ್‌ನಿಂದ 5 ಲಕ್ಷ. ಅರ್ಜಿ ಜಿಲ್ಲಾಧಿಕಾರಿ ಕಚೇರಿಗೆ. ಸಾವು, ಇಲ್ಲವೇ ಶೇ. 50 ಮತ್ತು ಅದಕ್ಕಿಂತ ಹೆಚ್ಚಿನ ಶಾಶ್ವತ ಅಂಗವಿಕಲತೆ ಆಗಿದ್ದರೆ ಮಾತ್ರ. ಇಲ್ಲೇ ಕಿವಿಯವರು ಸಿಕ್ಕಿಹಾಕಿಕೊಳ್ಳುವುದು: ಒಂದು ಕಿವಿ ಪೂರ್ತಿ ಹೋದರೂ ಪ್ರಮಾಣಪತ್ರದಲ್ಲಿ ಶೇ. 50 ಮುಟ್ಟುವುದಿಲ್ಲ. ಹಣವನ್ನೂ ಕೈಗೆ ಕೊಡುವುದಿಲ್ಲ, ಮೂರು ವರ್ಷ ಠೇವಣಿಯಲ್ಲಿಟ್ಟು ಬಡ್ಡಿ ಕೊಡುತ್ತಾರೆ.

ಶೇ. 50 ಮುಟ್ಟದವರಿಗೆ ಮೂರನೆಯ ಬಾಗಿಲು: ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಸಂತ್ರಸ್ತರ ಪರಿಹಾರ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 357-ಎ, ಈಗ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಂ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಕಚೇರಿ ಇರುತ್ತದೆ. ಆರೋಪಿ ಸಿಗದಿದ್ದರೂ, ಯಾರೆಂದೇ ಗೊತ್ತಾಗದಿದ್ದರೂ ಅರ್ಜಿ ಹಾಕಬಹುದು. ಗಾಯದ ಪ್ರಮಾಣ ಪತ್ರ, ಅಪರಾಧ ಸಂಖ್ಯೆ, ಚಿಕಿತ್ಸೆಯ ಬಿಲ್ಲು, ಸಂಬಳ ತಪ್ಪಿದ ದಿನಗಳ ಪತ್ರ ಸೇರಿಸಿ. ಈ ಬಾಗಿಲ ಹತ್ತಿರ ಬರುವವರೇ ಕಡಿಮೆ.

ಕಿವಿಮಾತು

ಅಂಗವಿಕಲತೆಯ ಪ್ರಮಾಣಪತ್ರಕ್ಕೆ ಆತುರ ಬೇಡ, ಕಿವಿ ಒಂದು ಸ್ಥಿತಿಗೆ ಬಂದು ನಿಲ್ಲಬೇಕು. ಆದರೆ ಮೊದಲ ವಾರದ ಆಡಿಯೋಗ್ರಾಂ ಇಲ್ಲದೆ ಆರು ತಿಂಗಳ ನಂತರದ್ದನ್ನು ಮಾತ್ರ ತೋರಿಸಿದರೆ "ಇದು ವಯಸ್ಸಿನದು" ಅನ್ನುತ್ತಾರೆ. ಎರಡನ್ನೂ ಜೋಡಿಸಿ ಕೊಡಿ.

ಕಡಲತಡಿ

ಮೈಗೆ ಏನೂ ಆಗದೆ, ರಾತ್ರಿ ನಿದ್ರೆ ಮಾತ್ರ ಹೋದವರು?

ಗಾಯಪಟ್ಟಿ

ಮೊದಲ ಎರಡು ಮೂರು ವಾರ ಬೆಚ್ಚಿಬೀಳೂದು, ಕುಕ್ಕರ್ ಸೀಟಿಗೆ ಎದಿ ಹಾರೂದು ಎಲ್ಲರಿಗೂ ಇರೂದ ರೀ. ತಿಂಗಳು ದಾಟಿದ್ರೂ ಹಂಗ ಇದ್ರ, ಕೆಲಸಕ್ಕ ಹೋಗಾಕ ಆಗದಿದ್ರ ತೋರಸ್ರಿ. ಟೆಲಿ-ಮಾನಸ್ 14416, ಕನ್ನಡದಾಗ ಮಾತಾಡತಾರ, ದುಡ್ಡಿಲ್ಲ. ಮನಿಮಂದಿ "ಏನೇನಾತು ಪೂರ್ತಿ ಹೇಳು, ಹಗುರಾಗತೈತಿ" ಅಂತ ಮೊದಲ ದಿನ ಕೆದಕಬ್ಯಾಡ್ರಿ, ತಾವಾಗಿ ಹೇಳಿದ್ರ ಕೇಳ್ರಿ. ನಿದ್ದಿಗುಳಿಗಿ ಅಂಗಡಿಯಿಂದ ತಂದು ನುಂಗಬ್ಯಾಡ್ರಿ. ಸಣ್ಣ ಹುಡುಗರ ಮುಂದ ಟಿ.ವಿ. ಬಂದ್. ಅದೇ ದೃಶ್ಯ ಐವತ್ತು ಸಲ ಬಂದ್ರ ಐವತ್ತು ಸ್ಫೋಟ ಆದಂಗ ಅವಕ್ಕ.

ಹೊಳೆಸಾಲು

ಫಾರ್ವರ್ಡ್‌ಗಳನ್ನೂ ಬಂದ್ ಮಾಡಬೇಕು. 2012ರ ಆಗಸ್ಟ್‌ನಲ್ಲಿ ಬೆಂಗಳೂರಲ್ಲಿ ಒಂದು ಬಾಂಬೂ ಸಿಡಿಯದೆ, ಬರೀ ಎಸ್.ಎಂ.ಎಸ್. ವದಂತಿಗೆ ಈಶಾನ್ಯ ರಾಜ್ಯಗಳ ಸಾವಿರಾರು ಜನ ಗುವಾಹಟಿ ರೈಲು ಹತ್ತಿದರು. ಕೇಂದ್ರ ಸರ್ಕಾರ ಒಂದಷ್ಟು ದಿನ ಒಟ್ಟಿಗೆ ಕಳಿಸುವ ಎಸ್.ಎಂ.ಎಸ್.ಗಳನ್ನು 5ಕ್ಕೆ ಇಳಿಸಬೇಕಾಯಿತು.

ಡೊಂಬಿವಲಿ ಅವರೇ, ರೈಲ್ವೆಯ ಪರಿಹಾರ ಮಹಜರು ಅವರು ಹೇಳಿದ ಮೂರರಲ್ಲಿ ಬರಲಿಲ್ಲ.

ಡೊಂಬಿವಲಿ_ಲೋಕಲ್

ಅದು ನಾಲ್ಕನೆಯದು. ರೈಲ್ವೆ ಕಾಯ್ದೆ 1989ರ ಕಲಂ 123ರಲ್ಲಿ "ಅಹಿತಕರ ಘಟನೆ" ಎಂಬುದರ ಅರ್ಥದಲ್ಲೇ ಭಯೋತ್ಪಾದಕ ಕೃತ್ಯ ಸೇರಿದೆ, 124-ಎ ಪ್ರಕಾರ ರೈಲ್ವೆಯ ತಪ್ಪು ಇಲ್ಲದಿದ್ದರೂ ಕೊಡಬೇಕು. ಸಾವಿಗೆ 2017ರ ಜನವರಿ 1ರಿಂದ 8 ಲಕ್ಷ, ಮೊದಲು 4 ಇತ್ತು. ಗಾಯಗಳಿಗೆ ಬೇರೆ ಪಟ್ಟಿಯೇ ಇದೆ, ಯಾವ ಅಂಗಕ್ಕೆ ಎಷ್ಟು ಅಂತ. ರೈಲ್ವೆ ಕ್ಲೇಮ್ಸ್ ಟ್ರಿಬ್ಯುನಲ್‌ಗೆ ಒಂದು ವರ್ಷದೊಳಗೆ ಅರ್ಜಿ. ತಡವಾದರೆ ಕಾರಣ ಬರೆದು ಕ್ಷಮೆ ಕೇಳಬೇಕು.

ಕಡಲತಡಿ

ಟಿಕೆಟು ಅಲ್ಲೇ ಕಳೆದುಹೋಗಿದ್ದರೆ? ಮತ್ತೆ, ಯಾರನ್ನೋ ಬಿಡಲಿಕ್ಕೆ ಹೋಗಿ ಪ್ಲಾಟ್‌ಫಾರ್ಮಿನಲ್ಲಿ ನಿಂತವರಿಗೆ?

ಡೊಂಬಿವಲಿ_ಲೋಕಲ್

ಟಿಕೆಟ್ ಸಿಗಲಿಲ್ಲ ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕುವಂತಿಲ್ಲ, 2018ರ ರೀನಾ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎಲ್ಲಿಂದ ಎಲ್ಲಿಗೆ, ಯಾವ ಗಾಡಿ, ಟಿಕೆಟ್ ಹೇಗೆ ಕೊಂಡದ್ದು ಅಂತ ಅಫಿಡವಿಟ್ ಕೊಟ್ಟರೆ, ಸುಳ್ಳೆಂದು ತೋರಿಸುವ ಹೊಣೆ ರೈಲ್ವೆಯದು. ಮಾಸಿಕ ಪಾಸೂ ಟಿಕೆಟ್ಟೇ. ಮೊಬೈಲಿನಲ್ಲಿ ಕೊಂಡಿದ್ದರೆ ಹಣ ಕಟ್ಟಾದ ಮೆಸೇಜು ಅಳಿಸಬೇಡಿ.

ಬಿಡಲಿಕ್ಕೆ ಹೋದವರ ಕೈಯಲ್ಲಿ ಪ್ಲಾಟ್‌ಫಾರ್ಮ್ ಟಿಕೆಟ್ ಇದ್ದರೆ ಅವರೂ ಪ್ರಯಾಣಿಕರೇ, ಕಲಂನ ವಿವರಣೆಯಲ್ಲೇ ಬರೆದಿದೆ. ಇಲ್ಲದಿದ್ದರೆ ಈ ಬಾಗಿಲು ಮುಚ್ಚಿದಂತೆ, ಮಹಜರು ಅವರು ಹೇಳಿದ ಮೂರೇ ಗತಿ.

ಕಡಲತಡಿ

ಅಯ್ಯೋ, ಪ್ಲಾಟ್‌ಫಾರ್ಮ್ ಟಿಕೆಟನ್ನು ನಮ್ಮಲ್ಲಿ ಯಾರು ತೆಗೆಯುತ್ತಾರೆ!